ಎಲ್ಲರೂ ಹೊಗಳಿದ ಪುಸ್ತಕ ನನಗೆ ಹಿಡಿಸಲಿಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಮ್ಮದು ವಿರಾಜಪೇಟೆ ಕಡೆ ಕಾಫಿ ತೋಟ. ನನಗೆ 47 ವರ್ಷ. ಚಿಕ್ಕಂದಿನಿಂದ ಓದುವ ಹುಚ್ಚು. ನಾವು ಹನ್ನೊಂದು ಜನ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಅಂತ ಗೊತ್ತು ಮಾಡಿದ್ದೆವು. ಬೆಂಗಳೂರಿನಲ್ಲಿರುವ ಮಗಳು ಇಂಗ್ಲಿಷ್ ಪ್ರತಿ ಕಳಿಸಿದಳು. ನಾಲ್ಕು ದಿನದಲ್ಲಿ ನಾಲ್ಕು ಕತೆ ಓದಿದೆ. ಐದನೆಯದಕ್ಕೆ ಕೈ ಹೋಗಲೇ ಇಲ್ಲ. ಎಲ್ಲರೂ ಸೇರಿದ ದಿನ ಒಬ್ಬೊಬ್ಬರೂ 'ಅದ್ಭುತ' ಅಂದರು. ನಾನೂ ತಲೆ ಆಡಿಸಿದೆ. ಮನೆಗೆ ಬಂದ ಮೇಲೆ ಬೇಜಾರಾಯಿತು. ಅನುವಾದ ಮಾಡಿದವರು ನಮ್ಮ ಮಡಿಕೇರಿಯವರೇ. ಇಷ್ಟ ಆಗಲಿಲ್ಲ ಅಂತ ಹೇಗೆ ಹೇಳೋದು? ನನ್ನ ರುಚಿಯೇ ಕೆಟ್ಟಿದೆಯಾ? ನಮ್ಮ ಯಜಮಾನರು 'ಹಿಡಿದ ಪುಸ್ತಕ ಮುಗಿಸಬೇಕು, ಇಲ್ಲಾಂದ್ರೆ ಹಿಡೀಬಾರದು' ಅಂತಾರೆ. ನಿಜವಾಗಿ ಜಾಸ್ತಿ ಓದುವವರು ಈಗ ಏನು ಓದುತ್ತಿದ್ದಾರೆ? ಅವರ ಅಭಿಪ್ರಾಯವನ್ನು ಎಷ್ಟು ನಂಬಬಹುದು? ಇನ್ನೊಂದು, ಈ ಮಳೆಗೆ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿದಿದೆ. ಅದಕ್ಕೇನಾದರೂ ದಾರಿ ಇದೆಯಾ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಈ ತಲೆ ಆಡಿಸುವ ಕೆಲಸ ನಾನೂ ಮಾಡಿದ್ದೇನೆ, ಅದೂ ಲೈಬ್ರರಿಯ ಕುರ್ಚಿಯಲ್ಲೇ ಕೂತು. ಭೈರಪ್ಪನವರ 'ಪರ್ವ' ಓದಿದ್ದೇನೆ ಅಂತ ಸುಮಾರು ಹತ್ತು ವರ್ಷ ಹೇಳಿಕೊಂಡು ಓಡಾಡಿದೆ. ಓದಿದ್ದು ನೂರೈವತ್ತು ಪುಟ. ಒಂದು ದಿನ ಇತಿಹಾಸದ ಮೇಷ್ಟ್ರೊಬ್ಬರು ಕೌಂಟರಿಗೆ ಒರಗಿಕೊಂಡು ಕಾದಂಬರಿಯ ಕೊನೆಯ ಬಗ್ಗೆ ಏನೋ ಕೇಳಿದರು. 'ಅಲ್ಲಿ ಸ್ವಲ್ಪ ಎಳೆದಿದ್ದಾರೆ ಅಲ್ವಾ ಸಾರ್' ಅಂದುಬಿಟ್ಟೆ. ಅವರು ಕನ್ನಡಕದ ಮೇಲಿಂದ ಒಂದು ಸಲ ನೋಡಿದರು. 'ಓದಿ, ಚೆನ್ನಾಗಿದೆ' ಅಂದು ಹೊರಟುಹೋದರು.

ನಾನು ಕೊಡಗಿನ ಕಾಲೇಜೊಂದರ ಲೈಬ್ರರಿಯಲ್ಲಿ 31 ವರ್ಷ ಇದ್ದು ನಿವೃತ್ತಳಾದವಳು. ಈಗಲೂ ವಾರಕ್ಕೆರಡು ದಿನ ಒಂದು ಚಿಕ್ಕ ವಾಚನಾಲಯದಲ್ಲಿ ಕೂರುತ್ತೇನೆ. ನೀವು ಕೇಳಿದ್ದು ಐದಾರು ಪ್ರಶ್ನೆ. ಒಳಗೆ ಕೊರೆಯುತ್ತಿರುವುದು ಒಂದೇ: ಪುಸ್ತಕ ಹಿಡಿಸಲಿಲ್ಲ ಅಂದರೆ ತಪ್ಪು ಯಾರದ್ದು, ಪುಸ್ತಕದ್ದಾ ನನ್ನದಾ? ನನಗೆ ಕಂಡ ಮಟ್ಟಿಗೆ ಹೆಚ್ಚಿನ ಸಲ ಇಬ್ಬರದ್ದೂ ಅಲ್ಲ. ಯಾವ ಭಾಷೆಯಲ್ಲಿ ಓದಿದಿರಿ, ಯಾವ ತಿಂಗಳಲ್ಲಿ, ಯಾವ ಬೆಳಕಲ್ಲಿ, ಎಷ್ಟು ಅವಸರದಲ್ಲಿ ಅನ್ನುವುದರಲ್ಲಿ ಅರ್ಧ ಉತ್ತರ ಸಿಗುತ್ತದೆ.

ಮೊದಲು ಬಹುಮಾನದ ವಿಷಯ. 2025ರ ಮೇ 20ರಂದು ಈ ಪುಸ್ತಕಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಮಡಿಕೇರಿಯಲ್ಲಿ ನಮಗೆಲ್ಲ ಮನೆ ಮಗಳಿಗೇ ಬಂದಷ್ಟು ಖುಷಿಯಾಯಿತು. ಕನ್ನಡದ ಪುಸ್ತಕಕ್ಕೆ ಅದು ಬಂದದ್ದು ಮೊದಲ ಸಲ. ಸಣ್ಣ ಕತೆಗಳ ಸಂಕಲನಕ್ಕೆ ಬಂದದ್ದೂ ಮೊದಲ ಸಲ. ಖುಷಿ ಸರಿ. ಆದರೆ ಬಹುಮಾನ ಅಂದರೆ ಏನು ಅಂತ ಸ್ವಲ್ಪ ನೋಡಿ. ಐದು ಜನ ತೀರ್ಪುಗಾರರು ಕೂತು, ಆ ವರ್ಷ ಇಂಗ್ಲಿಷಿಗೆ ಅನುವಾದವಾಗಿ ಬ್ರಿಟನ್ನು ಅಥವಾ ಐರ್ಲೆಂಡಿನಲ್ಲಿ ಅಚ್ಚಾಗಿ ತಮ್ಮ ಮುಂದೆ ಬಂದ ಪುಸ್ತಕಗಳಲ್ಲಿ ಒಂದನ್ನು ಆರಿಸುತ್ತಾರೆ. ಅವರು ವಿರಾಜಪೇಟೆಯ ನಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದ್ದಲ್ಲ. ಬಹುಮಾನದ ಹಣ 50,000 ಪೌಂಡು, ಅದನ್ನು ಲೇಖಕಿ ಬಾನು ಮುಷ್ತಾಕ್, ಅನುವಾದಕಿ ದೀಪಾ ಭಾಸ್ತಿ ಇಬ್ಬರಿಗೂ ಸಮ ಮಾಡಿ ಕೊಟ್ಟರು. ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ನೀವು ಓದಿದ್ದು ಒಬ್ಬರ ಪುಸ್ತಕ ಅಲ್ಲ, ಇಬ್ಬರದ್ದು. ಅದರಲ್ಲಿ ಯಾವುದು ನಿಮಗೆ ಅಡ್ಡ ಬಂತು ಅನ್ನುವುದು ಮುಖ್ಯ.

ನೀವು ಪತ್ರದಲ್ಲಿ ಹೇಳಿಲ್ಲ, ನಾನೇ ಊಹಿಸುತ್ತೇನೆ. ಇಂಗ್ಲಿಷ್ ವಾಕ್ಯದ ಮಧ್ಯೆ ಕನ್ನಡ, ಉರ್ದು, ಅರಬ್ಬಿ ಪದಗಳು ಬಂದಾಗ ನಿಮಗೆ ತಡೆದಿರಬೇಕು. ಅದು ಅನುವಾದಕಿ ಬೇಕೆಂದೇ ಮಾಡಿದ್ದು. ನಮ್ಮ ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸುವುದಿಲ್ಲ, ಅಡಿಟಿಪ್ಪಣಿ ಹಾಕುವುದಿಲ್ಲ ಅಂತ ಅವರೇ ಆ ಪುಸ್ತಕದ ಕೊನೆಯಲ್ಲಿ ಬರೆದಿದ್ದಾರೆ. ಲಂಡನ್ನಿನ ಓದುಗನಿಗೆ ಅದು ಹೊಸ ರುಚಿ. ನಮಗೆ ಇನ್ನೊಂದು ತರಹದ ಕಷ್ಟ. ಇಂಗ್ಲಿಷ್ ಓದುತ್ತಾ ಓದುತ್ತಾ ಮನಸ್ಸು ಅದನ್ನು ಕನ್ನಡಕ್ಕೆ ತಿರುಗಿಸಿಕೊಂಡು, 'ಮೂಲದಲ್ಲಿ ಏನಂದಿರಬಹುದು' ಅಂತ ಹುಡುಕಲು ಶುರು ಮಾಡುತ್ತದೆ. ಕತೆ ಒಂದು ಕಡೆ, ಹುಡುಕಾಟ ಒಂದು ಕಡೆ. ನಾಲ್ಕು ಕತೆಗೆ ಸುಸ್ತಾಗುವುದು ಸಹಜ.

ಕೊಡಗಿನಲ್ಲಿ ಇದು ಇನ್ನೂ ಜಾಸ್ತಿ. ನಾವು ಅಡುಗೆಮನೆಯಲ್ಲಿ ಮಾತಾಡುವುದು ಕೊಡವ ತಕ್ಕ್ ಅಥವಾ ಅರೆಭಾಷೆ, ತುಳು, ಮಲಯಾಳ. ಕನ್ನಡ ಶಾಲೆಯದ್ದು, ಇಂಗ್ಲಿಷ್ ಕಾನ್ವೆಂಟಿನದ್ದು. ಅಂದರೆ ನಮ್ಮಲ್ಲಿ ಹೆಚ್ಚಿನವರು ಯಾವ ಪುಸ್ತಕ ಹಿಡಿದರೂ ಅದು ಮನೆ ಮಾತಲ್ಲ. ಇದು ಕೊರತೆ ಅಂತ ನಾನು ಹೇಳುತ್ತಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದಾಗಲೂ ಅಚ್ಚಾದದ್ದು ಕನ್ನಡ ಲಿಪಿಯಲ್ಲೇ. ಒಂದು ಭಾಷೆಯನ್ನು ಇನ್ನೊಂದರ ಬಾಗಿಲಿನಿಂದ ಓದುವುದು ನಮಗೆ ಹೊಸದಲ್ಲ. ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅಷ್ಟೇ. ಆ ಹೊತ್ತನ್ನು ನೀವು ನಿಮಗೆ ಕೊಟ್ಟುಕೊಳ್ಳಲಿಲ್ಲ.

ಇನ್ನೊಂದು ಕಾರಣ, ಅವಸರ. ಆ ಸಂಕಲನದಲ್ಲಿ ಹನ್ನೆರಡು ಕತೆ. ಅವು ಒಂದೇ ವರ್ಷ ಬರೆದದ್ದಲ್ಲ. 1990ರಿಂದ ಈಚೆಗೆ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬಂದವು, ಬೇರೆ ಬೇರೆ ಸಂಕಲನಗಳಿಂದ ಆಯ್ದವು. ಅಷ್ಟು ವರ್ಷದ ಸಂಕಟವನ್ನು ದಿನಕ್ಕೊಂದರಂತೆ ನುಂಗಿದರೆ ಏನಾಗುತ್ತದೆ? ಎಲ್ಲ ಗಂಡಸರೂ ಒಂದೇ ತರಹ, ಎಲ್ಲ ಹೆಂಗಸರ ಕಷ್ಟವೂ ಒಂದೇ ತರಹ ಕಾಣಲು ಶುರುವಾಗುತ್ತದೆ. ಅದು ಕತೆಯ ದೋಷ ಅಲ್ಲ, ಬಡಿಸಿಕೊಂಡ ರೀತಿ. ನಮ್ಮ ಪಂದಿ ಕರಿ, ಹಂದಿ ಮಾಂಸದ ಸಾರು, ಎಷ್ಟು ಚೆನ್ನಾಗಿದ್ದರೂ ಮೂರು ಹೊತ್ತು ಅದನ್ನೇ ತಿನ್ನಲಾಗುತ್ತದಾ?

ನಗಬೇಡಿ, ಇನ್ನೂ ಒಂದು ಪ್ರಶ್ನೆ: ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ನಲವತ್ತು ದಾಟಿದ ಮೇಲೆ ಚಾಳೀಸು ಬರುತ್ತದೆ, ಎಲ್ಲರಿಗೂ. 'ಈಚೆಗೆ ಯಾವ ಪುಸ್ತಕವೂ ಹಿಡಿಸುತ್ತಿಲ್ಲ ಮೇಡಂ' ಅಂತ ಬಂದವರಿಗೆ ನಾನು ಮೊದಲು ಕೇಳುವುದು ಇದನ್ನೇ. ಮಳೆಗಾಲದ ಸಂಜೆ, ಕರೆಂಟ್ ಮಿಣಮಿಣ, ಸಣ್ಣ ಅಕ್ಷರದ ಇಂಗ್ಲಿಷ್ ಪುಸ್ತಕ. ಇಪ್ಪತ್ತು ನಿಮಿಷಕ್ಕೆ ಹಣೆ ಸಿಡಿಯುತ್ತದೆ, ಬೈಗುಳ ಲೇಖಕರಿಗೆ ಬೀಳುತ್ತದೆ. ಒಬ್ಬ ನಿವೃತ್ತ ಟೀಚರ್ ಕನ್ನಡಕದ ನಂಬರು ಬದಲಿಸಿಕೊಂಡು ಬಂದ ವಾರವೇ ಮೂರು ಕಾದಂಬರಿ ತೆಗೆದುಕೊಂಡು ಹೋದರು.

ಈಗ ನಿಮ್ಮ ಯಜಮಾನರ ಮಾತು. ಹಿಡಿದದ್ದನ್ನು ಮುಗಿಸಬೇಕು ಅನ್ನುವುದು ಮರ ಕಪಾತು ಮಾಡುವುದಕ್ಕೆ ಸರಿ, ಕಾಫಿ ಕುಯ್ಲಿಗೆ ಸರಿ. ಪುಸ್ತಕಕ್ಕೆ ಅಲ್ಲ. ಜಾಸ್ತಿ ಓದುವವರು ಎಲ್ಲವನ್ನೂ ಮುಗಿಸುತ್ತಾರೆ ಅನ್ನುವುದು ನಾನು ಕೇಳಿದ ದೊಡ್ಡ ಸುಳ್ಳು. ನನ್ನ ಹತ್ತಿರ ಸಾಕ್ಷಿ ಇದೆ. ಲೈಬ್ರರಿಯ ಹಳೆಯ ಪುಸ್ತಕವೊಂದನ್ನು ಮುಚ್ಚಿ, ಬೆನ್ನಿನ ಕಡೆ ಅಲ್ಲ, ಪುಟ ತೆರೆಯುವ ಕಡೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬೆರಳು ಆಡಿದ ಪುಟಗಳ ಅಂಚು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಡದ ಪುಟಗಳು ಬೆಳ್ಳಗೆ ಉಳಿದಿರುತ್ತವೆ. ನಮ್ಮಲ್ಲಿದ್ದ 'ಮಲೆಗಳಲ್ಲಿ ಮದುಮಗಳು' ಪ್ರತಿಯಲ್ಲಿ ಮೊದಲ ಒಂದು ಬೆರಳಷ್ಟು ದಪ್ಪ ಪೂರ್ತಿ ಕಂದು. ಆಮೇಲೆ ಸುಮಾರಾಗಿ ಬಿಳಿ. ಕೊನೆಯ ನಾಲ್ಕೈದು ಹಾಳೆ ಮತ್ತೆ ಕಂದು! ಮಧ್ಯೆ ಬಿಟ್ಟವರೂ ಕೊನೆಗೆ ಏನಾಯಿತು ಅಂತ ಇಣುಕಿದ್ದಾರೆ. ವಾಪಸು ಬಂದ ಪುಸ್ತಕಗಳ ಒಳಗೆ ಗುರುತಿಗೆ ಇಟ್ಟದ್ದೂ ಸಿಗುತ್ತದೆ. ಬಸ್ ಟಿಕೆಟು, ತೋಟದ ಸಂಬಳದ ಚೀಟಿ, ಸಿಲ್ವರ್ ಓಕ್ ಎಲೆ, ಒಂದು ಸಲ ಒಣಗಿದ ಕಾಫಿ ಹೂವಿನ ಗೊಂಚಲು. ಹೆಚ್ಚಿನವು ಐವತ್ತನೇ ಪುಟದ ಒಳಗೇ ಇರುತ್ತವೆ. ಆ ಪುಸ್ತಕ ಒಯ್ದವರು ಸೋಮಾರಿಗಳಲ್ಲ, ವಾರಕ್ಕೆರಡು ಪುಸ್ತಕ ಬದಲಿಸುವವರು.

ನಮ್ಮ ವೃತ್ತಿಗೆ ದಾರಿ ತೋರಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಲೈಬ್ರರಿಗೆ ಐದು ಸೂತ್ರ ಬರೆದರು. ಅದರಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಿ ಅಂತ. ಅವರು ಹೇಳಿದ್ದು ನಮಗೆ, ಪುಸ್ತಕ ಬೇಗ ಹುಡುಕಿ ಕೊಡಿ ಅಂತ. ನಾನು ಅದನ್ನು ಓದುಗರಿಗೂ ಹೇಳುತ್ತೇನೆ. ನಿಮ್ಮ ಸಮಯ ನೀವೂ ಉಳಿಸಿಕೊಳ್ಳಿ.

ಹಾಗಂತ ಪುಸ್ತಕ ಬಿಡುವುದರಲ್ಲಿ ಅಪಾಯ ಇಲ್ಲ ಅಂತ ಅಲ್ಲ. ಬಿಡುವುದೇ ಅಭ್ಯಾಸವಾದರೆ, ಮೊದಲ ಏರು ಬಂದ ಕೂಡಲೇ ವಾಪಸು ಬರುವವರಾಗುತ್ತೇವೆ. ತಡಿಯಂಡಮೋಳ್ ಬೆಟ್ಟ ಹತ್ತುವಾಗ ಅರ್ಧದಲ್ಲೇ ತಿರುಗಿದವರಿಗೆ ಮೇಲಿನ ನೋಟ ಸಿಗುವುದಿಲ್ಲ. ಕುವೆಂಪು ಅವರ ಆ ಕಾದಂಬರಿಯನ್ನೇ ತೆಗೆದುಕೊಳ್ಳಿ. ಮೊದಲ ನೂರು ಪುಟ ಯಾರು ಯಾರ ಮನೆಯವರು ಅಂತಲೇ ತಿಳಿಯುವುದಿಲ್ಲ. ಅದನ್ನು ದಾಟಿದವರು ಆಮೇಲೆ ಕೆಳಗಿಡುವುದಿಲ್ಲ. ಹಾಗಾಗಿ ನಾನು ನನಗೇ ಕೇಳಿಕೊಳ್ಳುವುದು ಒಂದು: ಕಷ್ಟ ಆಗುತ್ತಿದೆಯಾ, ಬೇಸರ ಆಗುತ್ತಿದೆಯಾ? ಕಷ್ಟ ಆದರೆ ಇನ್ನೊಂದು ಮೂವತ್ತು ಪುಟ. ಬೇಸರ ಆದರೆ ಕಪಾಟಿಗೆ. ಕಪಾಟಿಗೆ ಅಂದೆ, ರದ್ದಿಗೆ ಅಲ್ಲ. ಆ 'ಪರ್ವ'ವನ್ನು ನಾನು ಕೊನೆಗೆ ಓದಿದ್ದು ಮಳೆಗಾಲದ ಒಂದು ಕಕ್ಕಡ ತಿಂಗಳಲ್ಲಿ. ಹೊರಗೆ ಕಾಲಿಡಲಾಗದ ಮಳೆ, ಮೂರು ದಿನ ಕರೆಂಟಿಲ್ಲ, ಫೋನಿಲ್ಲ. ಒಂಬತ್ತು ದಿನಕ್ಕೆ ಮುಗಿಯಿತು. ಮೇಷ್ಟ್ರು ಹೇಳಿದ್ದು ನಿಜ, ಕೊನೆ ಎಳೆದಿಲ್ಲ.

ನಮ್ಮ ಜಿಲ್ಲೆಯಲ್ಲಿ ಓದಿಗೂ ಋತು ಇದೆ. ಡಿಸೆಂಬರಿನಿಂದ ಫೆಬ್ರವರಿ ತನಕ ಕುಯ್ಲು. ಆಗ ತೋಟದವರು ಯಾರೂ ಈ ಕಡೆ ತಲೆ ಹಾಕುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಒಂದೊಂದೇ ಮುಖ ಕಾಣುತ್ತದೆ. ಜೂನ್ ಬಂತೆಂದರೆ ದಪ್ಪ ಪುಸ್ತಕಗಳೇ ಹೋಗುವುದು. ಹಾಗಾಗಿ 'ಈಗ ಎಲ್ಲರೂ ಏನು ಓದುತ್ತಿದ್ದಾರೆ' ಅಂತ ನೀವು ಕೇಳಿದರೆ, ಯಾವ ತಿಂಗಳು ಅಂತ ನಾನು ತಿರುಗಿ ಕೇಳಬೇಕಾಗುತ್ತದೆ.

ಆದರೂ ಕೇಳಿದ್ದೀರಿ, ನನ್ನ ಮೇಜಿನ ಮುಂದೆ ಕಂಡದ್ದನ್ನು ಹೇಳುತ್ತೇನೆ. ಇದು ಪಟ್ಟಿ ಅಲ್ಲ, ಸುಮ್ನೆ ಕಂಡದ್ದು. ತೇಜಸ್ವಿ ಯಾವತ್ತೂ ಕಪಾಟಿನಲ್ಲಿ ನಿಲ್ಲುವುದಿಲ್ಲ. 'ಕರ್ವಾಲೊ' ಬಂದದ್ದು 1980ರಲ್ಲಿ, ಇವತ್ತಿಗೂ ಅದಕ್ಕೆ ಕ್ಯೂ. ತೋಟದ ಲೆಕ್ಕ ಬರೆಯುವ ಒಬ್ಬ ಎಸ್ಟೇಟ್ ರೈಟರ್ ಅದನ್ನು ವಾಪಸು ಕೊಡುತ್ತಾ, 'ಇದರಲ್ಲಿ ಬರುವ ಮಂದಣ್ಣನಂಥವರು ನಮ್ಮ ಲೈನ್‌ಮನೆಯಲ್ಲೇ ಇಬ್ಬರಿದ್ದಾರೆ ಮೇಡಂ, ನಾನು ಅವರನ್ನು ದಿನಾ ಬೈತಿದ್ದೆ' ಅಂದ. ಅದೇ ಪ್ರತಿಯನ್ನು ಮುಂದಿನ ವಾರ ಒಯ್ದ ಪಿಯುಸಿ ಹುಡುಗ, 'ಅಷ್ಟು ಕಾಡು ಸುತ್ತಿ ಕೊನೆಗೆ ಆ ಹಾರುವ ಓತಿ ಕೈಗೇ ಸಿಗಲಿಲ್ಲ, ಮೋಸ' ಅಂತ ಮುಖ ಊದಿಸಿಕೊಂಡ. ಇಬ್ಬರೂ ಪೂರ್ತಿ ಓದಿದ್ದರು. ಇಬ್ಬರಲ್ಲಿ ಯಾರ ಅಭಿಪ್ರಾಯ ತಪ್ಪು ಹೇಳಿ?

ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡ ಮೇಲೆ ಅವರ ಕಾದಂಬರಿಗಳನ್ನು ಕೇಳಿಕೊಂಡು ಬಂದವರಲ್ಲಿ ಅರ್ಧ ಜನ ಮೊದಲೇ ಓದಿದ್ದವರು. ಮತ್ತೆ ಓದಲು ಬಂದಿದ್ದರು. 'ಇಪ್ಪತ್ತರಲ್ಲಿ ಓದಿದಾಗ ಇವರೇ ಸರಿ ಅನ್ನಿಸಿತ್ತು, ಈಗ ಪ್ರತಿ ಪುಟಕ್ಕೂ ಜಗಳ ಮಾಡುತ್ತಿದ್ದೇನೆ, ಆದರೂ ಕೆಳಗಿಡಲು ಆಗುತ್ತಿಲ್ಲ' ಅಂತ ಒಬ್ಬರು ಹೇಳಿದರು. ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' ಪ್ರತಿಯ ಬೆನ್ನು ಮುರಿದು ಎರಡು ಸಲ ಅಂಟಿಸಿಯಾಗಿದೆ. ಫೋನಿನಲ್ಲಿ ಧಾರಾವಾಹಿ ಕತೆ ಓದುವ ಹುಡುಗಿಯರು ತುಂಬಾ. ಮನೆಯವರು ಅದನ್ನು ಓದು ಅಂತ ಒಪ್ಪುವುದಿಲ್ಲ. ನನಗೆ ತಕರಾರಿಲ್ಲ, ನಾನು ವಾರಪತ್ರಿಕೆಯ ಧಾರಾವಾಹಿ ಕದ್ದು ಓದಿಯೇ ಇಲ್ಲಿಗೆ ಬಂದವಳು.

ನಮ್ಮವರೇ ಆದ ಕೊಡಗಿನ ಗೌರಮ್ಮನವರನ್ನು ಜನ ಮತ್ತೆ ಹುಡುಕುತ್ತಿದ್ದಾರೆ. ನನಗೆ ಬಹಳ ಸಂತೋಷ. 1912ರಲ್ಲಿ ಹುಟ್ಟಿ, 1939ರಲ್ಲಿ ಈಜಲು ಇಳಿದು ನೀರಿನಲ್ಲಿ ಮುಳುಗಿ ಹೋದರು. ಇಪ್ಪತ್ತೇಳು ವರ್ಷ, ಅಷ್ಟೇ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು ಕರೆಸಿಕೊಂಡು ಮೈಮೇಲಿನ ಒಡವೆ ಬಿಚ್ಚಿ ಕೊಟ್ಟ ಹೆಂಗಸು. ಅವರ ಕತೆಗಳನ್ನೂ ದೀಪಾ ಭಾಸ್ತಿಯವರೇ ಇಂಗ್ಲಿಷಿಗೆ ತಂದರು, 2023ರಲ್ಲಿ. ಅದನ್ನು ನೋಡಿದವರು ನನ್ನಲ್ಲಿಗೆ ಬಂದು 'ಕಂಬನಿ', 'ಚಿಗುರು' ಕನ್ನಡದಲ್ಲಿ ಇದೆಯಾ ಅಂತ ಕೇಳಿದರು. ಇಂಗ್ಲಿಷ್ ಓದಿ ಕನ್ನಡಕ್ಕೆ ಬಂದವರು! ಅದರಲ್ಲೂ ಮಾತು ಎರಡಾಯಿತು. ಒಬ್ಬ ಲೆಕ್ಚರರ್, 'ಎಷ್ಟು ಸಣ್ಣದಾಗಿ ಬರೆದು ಹೇಗೆ ನಿಲ್ಲಿಸುತ್ತಾರೆ' ಅಂದಳು. ಅವಳ ಅತ್ತೆಗೆ ಅವು ತೀರಾ ಚಿಕ್ಕವು ಅನ್ನಿಸಿದವು, 'ಕೂತು ಕಾಲು ಚಾಚುವಷ್ಟರಲ್ಲಿ ಮುಗಿದುಹೋಗುತ್ತೆ'.

ಅಭಿಪ್ರಾಯಗಳನ್ನು ಎಷ್ಟು ನಂಬಬೇಕು ಅಂದಿರಿ. ಒಳ್ಳೆಯ ಪುಸ್ತಕ, ಕೆಟ್ಟ ಪುಸ್ತಕ ಅನ್ನುವ ಮಾತನ್ನು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೇನೆ. ಭಾನುವಾರ ಬೆಳಿಗ್ಗೆ ಬಿಡುಗಡೆಯಾದ ಪುಸ್ತಕವನ್ನು ಸಂಜೆಗೇ 'ಒಂದೇ ಉಸಿರಿಗೆ ಓದಿ ಮುಗಿಸಿದೆ' ಅಂತ ಬರೆಯುವವರು ಲೇಖಕರ ಗೆಳೆಯರು. ಗೆಳೆತನಕ್ಕೆ ಅದು ಸರಿ, ನಿಮ್ಮ 300 ರೂಪಾಯಿಗೆ ಸರಿಯಲ್ಲ. ನನಗೆ ಬೇಕಾದದ್ದು ಎಲ್ಲಿ ನಿಂತಿರಿ, ಯಾವುದು ನೆನಪಲ್ಲಿ ಉಳಿಯಿತು, ಇನ್ನೊಂದು ಸಲ ಓದುತ್ತೀರಾ ಅನ್ನುವುದು. ಜೊತೆಗೆ, ನಿಮ್ಮ ರುಚಿಗೆ ಉಲ್ಟಾ ಇರುವ ಒಬ್ಬ ಓದುಗ ಗೊತ್ತಿದ್ದರೆ ಅವರನ್ನು ಬಿಡಬೇಡಿ. ನಮ್ಮಲ್ಲಿಗೆ ಒಬ್ಬ ನಿವೃತ್ತ ಸೈನಿಕರು ಬರುತ್ತಾರೆ. ಅವರು 'ಇದರಲ್ಲಿ ಕತೆಯೇ ಇಲ್ಲ' ಅಂತ ಬಿಸಾಕಿದ್ದನ್ನು ನಾನು ಅವತ್ತೇ ಮನೆಗೆ ಒಯ್ಯುತ್ತೇನೆ. ಹದಿನೈದು ವರ್ಷದಲ್ಲಿ ಒಂದೋ ಎರಡೋ ಸಲ ತಪ್ಪಿರಬಹುದು.

ಹಾಗಾದರೆ ನೀವು ಈಗ ಏನು ಮಾಡಬಹುದು? ಪುಸ್ತಕವನ್ನು ಹೀಗೇ ಬಿಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ವಾರಕ್ಕೊಂದೇ ಕತೆ ಅಂತ ಇಟ್ಟುಕೊಳ್ಳಬಹುದು. ಉಳಿದದ್ದು ಎಂಟು, ಎರಡು ತಿಂಗಳಿಗೆ ಮುಗಿಯುತ್ತದೆ. ಅಥವಾ ಕನ್ನಡದಲ್ಲಿ ಓದಿ. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. 'ಎದೆಯ ಹಣತೆ', 'ಒಮ್ಮೆ ಹೆಣ್ಣಾಗು ಪ್ರಭುವೇ' ಈ ಎರಡು ಕತೆಗಳನ್ನು ಮೊದಲು ಓದಿ. ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಸಿನಿಮಾ ನೋಡಿದ್ದರೆ 'ಕರಿ ನಾಗರಗಳು' ಕತೆಯಿಂದ ಶುರು ಮಾಡಿ, ಸಿನಿಮಾ ಅದರಿಂದಲೇ ಬಂದದ್ದು. ಒಂದು ಎಚ್ಚರಿಕೆ: ಆ ಕನ್ನಡವೂ ಪೂರ್ತಿ ನಮ್ಮ ಕನ್ನಡ ಅಲ್ಲ. ಹಾಸನದ ಮುಸ್ಲಿಂ ಮನೆಗಳ ಮಾತು ಅದರಲ್ಲಿ ಬೆರೆತಿದೆ. ಮೊದಲ ಕತೆ ನಿಧಾನಕ್ಕೆ ಹೋಗುತ್ತದೆ. ಕನ್ನಡದಲ್ಲೂ ಹಿಡಿಸದೇ ಇರಬಹುದು. ಆಗ ಕನಿಷ್ಠ ಯಾಕೆ ಅಂತ ನಿಮಗೆ ಗೊತ್ತಾಗಿರುತ್ತದೆ.

ಇನ್ನು ಗುಂಪಿನಲ್ಲಿ ಹೇಳುವ ವಿಷಯ. ಸಣ್ಣ ಊರು, ಎಲ್ಲರೂ ಒಬ್ಬರಿಗೊಬ್ಬರು ನೆಂಟರು, ಇವತ್ತು ಹೇಳಿದ್ದು ನಾಳೆ ಸಂತೆಗೆ ತಲುಪುತ್ತದೆ. ನಿಮ್ಮ ಹೆದರಿಕೆ ಸುಮ್ನೆ ಅಲ್ಲ. 'ಚೆನ್ನಾಗಿಲ್ಲ' ಅಂದರೆ ಎದುರಿದ್ದವರು ಕಾಪಾಡಲು ಎದ್ದು ನಿಲ್ಲುತ್ತಾರೆ. 'ನಾನು ನಾಲ್ಕನೇ ಕತೆಯಲ್ಲಿ ನಿಂತುಬಿಟ್ಟೆ, ಇಂಗ್ಲಿಷಿನಲ್ಲಿ ಅವರ ಮಾತು ನನಗೆ ಕೇಳಿಸಲಿಲ್ಲ, ನಿಮಗೆ ಹೇಗೆ ಕೇಳಿಸಿತು' ಅಂತ ಕೇಳಿ ನೋಡಿ. ಒಬ್ಬರಾದರೂ 'ನನಗೂ' ಅನ್ನದಿದ್ದರೆ ನನಗೆ ಬರೆಯಿರಿ. ಯಾರೋ ಒಬ್ಬರು ಮುಖ ಗಂಟು ಹಾಕಬಹುದು, ಅದನ್ನು ತಡೆದುಕೊಳ್ಳಬೇಕು. ತಲೆ ಆಡಿಸಿಕೊಂಡೇ ಇರುವುದೂ ಒಂದು ದಾರಿ. ಆದರೆ ಒಂದು ಪುಸ್ತಕಕ್ಕೆ ಆಡಿಸಿದರೆ ಮುಂದಿನದಕ್ಕೂ ಆಡಿಸಬೇಕು. ನನ್ನದು ಹತ್ತು ವರ್ಷ ನಡೆಯಿತು ಅಂದೆನಲ್ಲ.

ಬೂಷ್ಟಿನ ಬಗ್ಗೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಇನ್ನೂ ಹರಡುತ್ತದೆ. ಬಿಸಿಲು ಕಂಡ ದಿನ ಜಗಲಿಯ ನೆರಳಿನಲ್ಲಿ, ಪುಟ ಬಿಡಿಸಿಕೊಳ್ಳುವ ಹಾಗೆ ನೆಟ್ಟಗೆ ನಿಲ್ಲಿಸಿ ಗಾಳಿಗೆ ಇಡಿ. ನೇರ ಬಿಸಿಲಿಗೆ ಬೇಡ, ಹಾಳೆ ಹಳದಿಯಾಗಿ ರಟ್ಟು ಸೊಟ್ಟಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮೆತ್ತಗಿನ ಬ್ರಷ್ಷಿನಲ್ಲಿ ಮನೆಯ ಹೊರಗೆ ಉಜ್ಜಿ ತೆಗೆಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸ ಇರುವವರ ಕೈಗೆ ಆ ಕೆಲಸ ಕೊಡಬೇಡಿ. ಕಪಾಟು ಹೊರಗಿನ ಗೋಡೆಗೆ ಅಂಟಿಕೊಂಡಿದ್ದರೆ ನಾಲ್ಕು ಬೆರಳು ಮುಂದೆ ಎಳೆಯಿರಿ, ಪುಸ್ತಕಗಳನ್ನು ಒತ್ತಿ ಒತ್ತಿ ಜೋಡಿಸಬೇಡಿ. ಗಾಜಿನ ಬಾಗಿಲಿದ್ದರೆ ಮಳೆ ಇಲ್ಲದ ಮಧ್ಯಾಹ್ನ ಒಂದೆರಡು ಗಂಟೆ ತೆಗೆದಿಡಿ. ಮಗಳು ಕಳಿಸಿದ ಪ್ರತಿಗೂ ಹಿಡಿದಿದ್ದರೆ ಮೊದಲು ಅದನ್ನೇ ಒಣಗಿಸಿ, ಇನ್ನೂ ಎಂಟು ಕತೆ ಬಾಕಿ ಇದೆ.